99ಕ್ಕೆ ಮಲಗಿದ ಗೆರೆ
ಸುರಪುರದ ನೆಟ್ ಸೆಂಟರಿನಲ್ಲಿ ಅರ್ಜಿ ತುಂಬಿಸಲು ಕೂತವರ ಜೀವವೆಲ್ಲ ಪುಟ ಎಷ್ಟು ಲೋಡ್ ಆಯಿತೆಂದು ತೋರಿಸುವ ಆ ನೀಲಿ ಗೆರೆಯಲ್ಲೇ. ಒಂದು ಬ್ರೌಸರಿನಲ್ಲಿ ಅದು ಸರ್ರನೆ ಓಡಿ ಮುಗಿಯುತ್ತದೆ. ಇನ್ನೊಂದರಲ್ಲಿ 99ಕ್ಕೆ ಬಂದು ಕಾಲು ಚಾಚಿ ಮಲಗುತ್ತದೆ.

‘ಯಾಕೋ ತಮ್ಮಾ, ನಿಂತೇ ಬಿಡ್ತಲ್ಲೋ?’

‘ಸರ್ವರ್ ಬಿಜಿ ಐತ್ರೀ ಕಾಕಾ.’

ಪಾಪ, ಸರ್ವರಿನ ಮೇಲೆ ಸುಳ್ಳು ಆಪಾದನೆ! ಜಿಜಿಪ್ (gzip) ಎಂಬ ವಿಧಾನದಲ್ಲಿ ಒತ್ತಿ ಕಳಿಸಿದ ಕಡತ ಬಿಚ್ಚಿದ ಮೇಲೆ ಎಷ್ಟಾಗುತ್ತದೆಂದು ಎಷ್ಟೋ ಸಲ ಬ್ರೌಸರಿಗೆ ಮೊದಲೇ ತಿಳಿಯುವುದಿಲ್ಲ. ಒಟ್ಟು ಲೆಕ್ಕವೇ ಇಲ್ಲದೆ ಶೇಕಡಾ ಎಲ್ಲಿಂದ ಬರಬೇಕು? ಹಾಗಾಗಿ ಹಲವು ಪುಟಗಳ ಗೆರೆ ಬರೀ ಅಂದಾಜಿನ ಆಟ; ‘ಮುಗಿಯಿತು’ ಎಂಬ ಸುದ್ದಿ ಮುಟ್ಟದಿದ್ದರೆ ಅಲ್ಲೇ ಠಿಕಾಣಿ. ಸೆಂಟರಿನ ಹುಡುಗ ಕ್ಯಾಶ್ ಅಳಿಸಿದ, ಆಡ್ ಬ್ಲಾಕರ್ ಬಂದ್ ಮಾಡಿದ, ಕಂಟ್ರೋಲ್ ಎಫ್ 5 ಒತ್ತಿದ. ಗೆರೆ ನೂರು ಮುಟ್ಟಿತು. ಕಾಕಾ ಕಿಸೆಗೆ ಕೈ ಹಾಕಲಿಲ್ಲ.

‘ಪ್ರಿಂಟ್ ಕೈಗೆ ಬರ್ಲಿ, ಆಮ್ಯಾಲೆ ರೊಕ್ಕ.’