ನೀಲಿ ಬಂದ ಹೊತ್ತು

ಶ್ರೀನಿವಾಸಪುರದಲ್ಲಿ ಕಂಪ್ಯೂಟರ್ ಕೆಟ್ಟು ನೀಲಿ ಪರದೆ ಬಂದರೆ ಯಾರನ್ನು ಕೇಳಿದರೂ ಮದ್ದು ಒಂದೇ: "ಫಾರ್ಮ್ಯಾಟ್ ಹೊಡಿಸಿಬಿಡಿ." ಹೇಳುವವರಿಗೆ ಏನು, ಬಾಯಿಮಾತು. ಹೊಡಿಸಿಕೊಂಡವರ ಪಾಡು ಬೇರೆ. ನುಡಿ ಸಾಫ್ಟ್‌ವೇರ್ ಮತ್ತೆ ಹಾಕಬೇಕು, ಪೇಜ್‌ಮೇಕರ್ ಮತ್ತೆ ಹಾಕಬೇಕು, ಹಳೇ ಪ್ರಿಂಟರಿನ ಸೀಡಿ ಅಟ್ಟದ ಮೇಲೆ ಯಾವ ಡಬ್ಬದಲ್ಲಿದೆಯೋ ಹುಡುಕಬೇಕು. ಇಷ್ಟೆಲ್ಲ ಆದಮೇಲೆ ಮೂರನೇ ದಿನ ಅದೇ ನೀಲಿ ಪರದೆ ಬಂದು ಕೂರುತ್ತದೆ, ತಾನು ಎಲ್ಲಿಗೂ ಹೋಗಿರಲೇ ಇಲ್ಲ ಅನ್ನುವಂತೆ.

ಕಾಂಪೌಂಡಿನ ಆಚೆ ಮನೆಯ ಸೊಸೆ ಮುಳಬಾಗಿಲಿನ ಹೆಣ್ಣು. ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ಇಟ್ಟುಕೊಂಡಿದ್ದಾಳೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಮಾವಿನ ಮಂಡಿಯವರ ಬಿಲ್ ಪುಸ್ತಕ, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಎಲ್ಲಾ ಅವಳ ಕೈಯಲ್ಲೇ. ಮಷೀನಿನಲ್ಲಿರುವುದು ವಿಂಡೋಸ್ 7. ಅದರಿಂದ ಮೈಕ್ರೋಸಾಫ್ಟ್‌ನವರು 2020ರ ಜನವರಿ 14ಕ್ಕೇ ಕೈ ತೊಳೆದುಕೊಂಡರು. ಹೊಸದು ತಗೋಬಾರದೇನಮ್ಮಾ ಅಂದರೆ ಅವಳ ಉತ್ತರ ಸಿದ್ಧ: "ಮೇಷ್ಟ್ರೇ, ಹಳೇ ಫೈಲೆಲ್ಲಾ ನುಡಿ ಫಾಂಟಲ್ಲಿವೆ. ಹೊಸ ಮಷೀನಲ್ಲಿ ತೆಗೆದ್ರೆ ವರನ ಹೆಸರು ಮಂತ್ರ ಆಗುತ್ತೆ." ಆ ಫಾಂಟು ಇಲ್ಲದ ಮಷೀನಿನಲ್ಲಿ ಅದೂ ನಿಜವೇ. ಹಳೇ ಕಂಪ್ಯೂಟರುಗಳು ನಮ್ಮ ಕಡೆ ಉಳಿದಿರುವುದು ಜಿಪುಣತನಕ್ಕಲ್ಲ, ಒಳಗಿರುವ ಕನ್ನಡಕ್ಕೆ.

ನೀಲಿ ಬರಲು ಶುರುವಾದ ಮೇಲೆ ಆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವಾದ. ಅತ್ತೆಯದು ದೃಷ್ಟಿ. "ದಿಷ್ಟಿ ಕಣಪ್ಪ. ಎದುರುಮನೆಯೋಳು ಬಂದು ಎಷ್ಟು ಚೆನ್ನಾಗಿ ಓಡ್ತೈತೆ ನಿಮ್ ಕಂಪೂಟ್ರು ಅಂದ್ಲು, ಅವತ್ತಿಂದ ಇಂಗೆ." ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಘಾಟು ಬರಲಿಲ್ಲವಂತೆ, ಆದ್ದರಿಂದ ದೃಷ್ಟಿಯೇ ಸೈ. ರಿಪೇರಿ ಹುಡುಗನದು ವೈರಸ್. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅವಳ ತಮ್ಮ ರಜೆಗೆ ಬಂದವನು ಇಬ್ಬರನ್ನೂ ತಳ್ಳಿಹಾಕಿ, ಗೋಡೆಗೆ ಒರಗಿಕೊಂಡು ನನಗೇ ಪಾಠ ಹೇಳಿದ: "ಇದು ಕಾಸ್ಮಿಕ್ ಕಿರಣ ಇರಬಹುದು ಸಾರ್."

ನಗಬೇಡಿ, ಹುಡುಗ ಹೇಳಿದ್ದು ಪೂರಾ ಸುಳ್ಳಲ್ಲ. ಆಕಾಶದಾಚೆಯಿಂದ ಬರುವ ಕಣಗಳು ಗಾಳಿಗೆ ಬಡಿದು ಹುಟ್ಟುವ ನ್ಯೂಟ್ರಾನುಗಳು ಮೆಮೊರಿ ಚಿಪ್ಪಿಗೆ ತಾಗಿದರೆ ಸೊನ್ನೆ ಒಂದಾಗಬಹುದು, ಒಂದು ಸೊನ್ನೆಯಾಗಬಹುದು. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೇಕ್ ಅನ್ನುವ ಕಡೆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಜಾಸ್ತಿ ಬಿದ್ದವು. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು, ಅಂದರೆ ಒಂದೇ ಒಂದು ಬಿಟ್ ಮಗುಚಿದ ಲೆಕ್ಕ. ಕಾಸ್ಮಿಕ್ ಕಿರಣದ ಮೇಲೆ ಅನುಮಾನ ಹೋಯಿತೇ ಹೊರತು ಯಾರೂ ಸಾಬೀತು ಮಾಡಲಿಲ್ಲ.

"ಹಾಗಿದ್ದರೆ ಔಷಧ ನಮ್ಮ ಜಿಲ್ಲೆಯಲ್ಲೇ ಇತ್ತಲ್ಲೋ" ಅಂದೆ ಅವನಿಗೆ. ಕೆಜಿಎಫ್ ಚಿನ್ನದ ಗಣಿಗೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಮೊದಲು ಇಳಿದದ್ದೇ ಈ ಕಿರಣಗಳು ನೆಲದೊಳಗೆ ಎಷ್ಟು ಆಳಕ್ಕೆ ಹೋಗುತ್ತವೆ ಅಂತ ನೋಡಲು. ನಂಜನಗೂಡಿನ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲೇ ಅಲ್ಲಿ ಅಳತೆ ಶುರುಮಾಡಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಸಂಸ್ಥೆಯವರು ಜಪಾನಿನ ಒಸಾಕಾದವರ, ಇಂಗ್ಲೆಂಡಿನ ಡರ್ಹಂನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಅಷ್ಟು ಬಂಡೆ ಮೇಲಿದ್ದರೆ ಆಕಾಶದ ಬೇರೆ ಕಣಗಳು ತಂಟೆಗೆ ಬರುವುದು ತೀರಾ ಅಪರೂಪ. ನಿಮ್ಮಕ್ಕನ ಕಂಪ್ಯೂಟರನ್ನು ಅಲ್ಲಿಡಬಹುದಿತ್ತು, ಆದರೆ 2001ರಲ್ಲಿ ಗಣಿ ಮುಚ್ಚಿದರು, ಲಗ್ನಪತ್ರಿಕೆಗೆ ಅಷ್ಟು ಕೆಳಗೆ ಯಾರು ಇಳಿಯುತ್ತಾರೆ? ಹುಡುಗ ಸುಮ್ಮನಾದ. ಆಕಾಶದ ಕಿರಣ ವರ್ಷಕ್ಕೊಮ್ಮೆ ಕೈಯಾಡಿಸಿದರೆ ನಂಬಬಹುದು. ವಾರದಲ್ಲಿ ನಾಲ್ಕು ದಿನ ಬರಲು ಅದಕ್ಕೇನು ಬೇರೆ ಕೆಲಸವಿಲ್ಲವೇ.

ನೀಲಿ ಪರದೆಯ ಮೇಲೆ ಜನರಿಗಿರುವ ಸಿಟ್ಟು ನನಗೆ ಅರ್ಥವಾಗುವುದಿಲ್ಲ. ಮುಂದೆ ಸೇತುವೆ ಕಿತ್ತುಹೋಗಿದೆ ಅಂತ ಕಂಡ ಡ್ರೈವರ್ ಬಸ್ಸನ್ನು ಅಲ್ಲೇ ನಿಲ್ಲಿಸಿದರೆ ಅವನನ್ನು ಬೈಯುತ್ತೇವೆಯೇ? ವಿಂಡೋಸ್‌ನ ತಿರುಳು ಭಾಗಕ್ಕೆ ಮೆಮೊರಿಯಲ್ಲಿ ಇರಬಾರದ್ದು ಕಂಡಾಗ, ಮುಂದುವರಿದರೆ ಡಿಸ್ಕಿನಲ್ಲಿರುವ ಫೈಲುಗಳೂ ಹಾಳಾದಾವು ಅಂತ ತಾನೇ ನಿಂತುಬಿಡುತ್ತದೆ. ನಿಲ್ಲುವ ಮುಂಚೆ ಕಾರಣದ ಒಂದು ಸಂಕೇತ ತೋರಿಸಿ, ಆ ಗಳಿಗೆಯ ಮೆಮೊರಿಯ ತುಣುಕನ್ನು ವಿಂಡೋಸ್ ಫೋಲ್ಡರಿನ ಮಿನಿಡಂಪ್‌ನಲ್ಲಿ ಬರೆದಿಡುತ್ತದೆ. ಹೀಗೆ ನೀಲಿ ತೋರಿಸಿ ನಿಲ್ಲುವುದು 1993ರ ವಿಂಡೋಸ್ ಎನ್‌ಟಿಯಿಂದಲೂ ಇದೆ. ದೊಡ್ಡವರನ್ನೂ ಬಿಟ್ಟಿಲ್ಲ. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ, ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿ ತೋರಿಸಹೋದರೆ ನೀಲಿ ಬಂತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಮಷೀನುಗಳಿಗೆ ಒಟ್ಟಿಗೇ ಬಂತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಹೈಸ್ಕೂಲಿನಲ್ಲಿದ್ದಾಗ ಕಂಪ್ಯೂಟರ್ ರೂಮಿನ ಬೀಗದಕೈ ನನ್ನ ಹತ್ತಿರವಿತ್ತು. ಈ ವಿಷಯದಲ್ಲಿ ನನ್ನ ಅರ್ಹತೆ ಅಷ್ಟೇ. ಬೀಗದಕೈ ಹಿಡಿದವನಿಗೆ ಒಂದು ಮಾತ್ರ ತಿಳಿದಿರುತ್ತದೆ, ಯಾವ ಹೊತ್ತಿನಲ್ಲಿ ಏನಾಯಿತು ಅಂತ. ಅದಕ್ಕೇ ಅವಳಿಗೆ ಹೇಳಿದೆ: "ಫಾರ್ಮ್ಯಾಟ್ ಆಮೇಲಿರಲಿ. ಒಂದು ಹಳೇ ಕಾರ್ಡಿನ ಹಿಂಭಾಗದಲ್ಲಿ ಬರೀತಾ ಹೋಗಮ್ಮ. ಯಾವ ದಿನ, ಎಷ್ಟು ಗಂಟೆ, ಪರದೆ ಮೇಲೆ ಯಾವ ಸಂಕೇತ." ಪ್ರತಿ ಸಲವೂ ಅದೇ ಸಂಕೇತ, ಅದೇ ಡ್ರೈವರಿನ ಹೆಸರು ಬಂದರೆ ಸಾಫ್ಟ್‌ವೇರಿನ ಕಡೆ ನೋಡಬೇಕು, ಆಗ ಆ ಡ್ರೈವರ್ ತೆಗೆದು ಬೇರೆ ಹಾಕಿದರೆ ಮುಗಿಯಿತು. ಒಂದು ದಿನ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ದಿನ ಪೇಜ್ ಫಾಲ್ಟ್, ಮತ್ತೊಂದು ದಿನ ಇನ್ನೇನೋ ಅಂತ ಬಾಯಿಗೆ ಬಂದಂತೆ ಹೇಳುತ್ತಿದ್ದರೆ ಬಹುಪಾಲು ರ್ಯಾಮ್, ಕರೆಂಟು, ಇಲ್ಲವೇ ಬಿಸಿ. ಅವಳ ಪಟ್ಟಿಯಲ್ಲಿ ಸಂಕೇತಗಳು ಎರಡನೆಯ ಜಾತಿಯವು. ಹೊತ್ತು ಮಾತ್ರ ಹೆಚ್ಚುಕಡಿಮೆ ಒಂದೇ, ಬೆಳಗಿನ ಹೊತ್ತು.

ಮೊದಲು ಡಬ್ಬ ಬಿಚ್ಚಿದೆವು. ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರ್ ಬಿಚ್ಚಿದರೆ ಯಾವ ಊರಿನದೆಂದು ಧೂಳೇ ಹೇಳುತ್ತದೆ. ಮಾಲೂರಿನದಾದರೆ ಇಟ್ಟಿಗೆ ಗೂಡಿನ ಕೆಂಪು, ಟೇಕಲ್ ಕಡೆಯದಾದರೆ ಕಲ್ಲಿನ ಬಿಳಿ, ಕೋಲಾರದ ಟೊಮೆಟೊ ಮಂಡಿಯದಾದರೆ ಎಲ್ಲಾ ಸೇರಿ ಅಂಟಂಟು. ಇವಳ ಡಬ್ಬದಲ್ಲಿ ಫ್ಯಾನಿನ ಕೆಳಗೆ ಧೂಳು ಕಂಬಳಿಯಷ್ಟು ದಪ್ಪ. ಬ್ರಶ್ಶಿನಲ್ಲಿ ತೆಗೆದು, ಪ್ರೊಸೆಸರಿನ ಮೇಲೆ ಒಣಗಿ ಪುಡಿಯಾಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ರ್ಯಾಮ್ ಕಿತ್ತು ಅದರ ತುದಿಯನ್ನು ಮಕ್ಕಳ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿದ್ದಾಯಿತು. ಆ ತುದಿಯ ಹೊಳಪು ಚಿನ್ನದ ಲೇಪ. ಕೋಲಾರದ ಮನೆಗಳಲ್ಲಿ ಈಗ ಗಣಿಯ ನೆನಪಿಗೆ ಉಳಿದ ಚಿನ್ನ ಅಷ್ಟೇ ಅಂದೆ. "ನನ್ನ ಸರ ಯಾವ ಲೆಕ್ಕ?" ಅಂದರು ಅತ್ತೆ.

ಬೆಳಗಿನ ಹೊತ್ತಿನ ಗುಟ್ಟು ಬಿಟ್ಟುಕೊಟ್ಟವರೂ ಅವರೇ. "ಆ ಒತ್ತಿಗೇ ತ್ರೀಫೇಸ್ ಕೊಡ್ತಾರಲ್ಲಪ್ಪ" ಅಂದುಬಿಟ್ಟರು, ಅವರೆಕಾಯಿ ಬಿಡಿಸುತ್ತಾ. ಮನೆ ಊರ ಅಂಚಿನದು. ಹಿಂದೆ ಮಾವಿನ ತೋಪು, ಅದರಾಚೆ ಟೊಮೆಟೊ ತೋಟಗಳು, ತೋಟಕ್ಕೊಂದು ಬೋರು, ಸಾವಿರ ಅಡಿ ದಾಟಿದವೇ ಎಷ್ಟೋ. ತ್ರೀಫೇಸ್ ಬಂತೆಂದರೆ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೇ ಮೋಟರು ಎಬ್ಬಿಸುತ್ತವೆ. ಏಳುವಾಗ ಮೋಟರು ಓಡುವಾಗಿನದಕ್ಕಿಂತ ಐದಾರು ಪಾಲು ಕರೆಂಟು ಎಳೆಯುತ್ತದೆ. ಟ್ಯೂಬ್‌ಲೈಟು ಮಿಣುಕುವುದು ಆಗಲೇ. ಕರೆಂಟು ಪೂರಾ ಹೋದರೆ ಕಂಪ್ಯೂಟರ್ ಆಫ್ ಆಗುತ್ತದೆ, ಅಷ್ಟೇ. ಕುಂಟುತ್ತಾ ಬಂದರೆ ಕಷ್ಟ. ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ 12, 5, 3.3 ವೋಲ್ಟುಗಳನ್ನು ನೂರಕ್ಕೆ ಐದರಷ್ಟು ವ್ಯತ್ಯಾಸದೊಳಗೆ ಹಿಡಿದಿಡಬೇಕು. ಹೊಸದರಲ್ಲಿ ಈ ಸಣ್ಣ ತಗ್ಗುಗಳನ್ನು ಕೆಪಾಸಿಟರುಗಳೇ ನುಂಗಿಕೊಳ್ಳುತ್ತವೆ. ಇದರೊಳಗಿನವು ತಲೆ ಉಬ್ಬಿ ಕೂತಿದ್ದವು. ಯುಪಿಎಸ್ ಇತ್ತು, ಬ್ಯಾಟರಿ ಸತ್ತು ಕೀಂಯ್ ಅನ್ನುವುದಕ್ಕೆ ಮಾತ್ರ ಉಳಿದಿತ್ತು.

ಹೊಟ್ಟೆ ಉರಿಯುವುದು ಎಲ್ಲಿ ಗೊತ್ತೇ? ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದದ್ದು 1902ರಲ್ಲಿ. ಆಗ ಲೋಕದಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೊಂದು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಇಂಥ ಜಿಲ್ಲೆಯಲ್ಲಿ ಕೂತು ವೋಲ್ಟೇಜಿಗೆ ಅಂಜಬೇಕು. ಅತ್ತ ನರಸಾಪುರದಲ್ಲಿ ಐಫೋನ್ ಜೋಡಿಸಿ ಜಗತ್ತಿಗೆ ಕಳಿಸುತ್ತಿದ್ದಾರೆ. ಅಲ್ಲಿಂದ ಇಲ್ಲಿಗೆ ದೂರವೇನೂ ಇಲ್ಲ.

ಎಸ್‌ಎಂಪಿಎಸ್ ಬದಲಾಯಿಸಿದಳು, ಯುಪಿಎಸ್‌ಗೆ ಬ್ಯಾಟರಿ ಹಾಕಿಸಿದಳು. ಬೆಳಗಿನ ನೀಲಿ ನಿಂತಿತು. ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ಒಂದು ರಾತ್ರಿ, ಮೋಟರೂ ಇಲ್ಲ, ಬಿಸಿಯೂ ಇಲ್ಲ, ಮತ್ತೆ ಬಂತು. ಈ ಸಲದ್ದು ಬೇರೆ ಕಳ್ಳ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ಎರಡು ರ್ಯಾಮ್ ಕಡ್ಡಿಗಳಲ್ಲಿ ಒಂದೊಂದನ್ನೇ ಇಟ್ಟು ನೋಡಿದಾಗ ಒಂದು ಪಾಸು, ಇನ್ನೊಂದು ಫೇಲು. ವರ್ಷಗಟ್ಟಲೆ ಕುಂಟು ಕರೆಂಟು ಕುಡಿದು ಅದು ಹಾಳಾಯಿತೋ, ವಯಸ್ಸಾಯಿತೋ, ಹೇಳುವವರು ಯಾರು. ಅಷ್ಟು ಹಳೇ ರ್ಯಾಮ್ ಕೋಲಾರದಲ್ಲೂ ಸಿಗಲಿಲ್ಲ. ಕೊನೆಗೆ ಬೆಂಗಳೂರಿನ ಎಸ್. ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಒಂದು ಸಿಕ್ಕಿತು, ತಮ್ಮನೇ ತಂದುಕೊಟ್ಟ. ಕಾಸ್ಮಿಕ್ ಕಿರಣದ ಮಾತು ಮತ್ತೆ ಎತ್ತಲಿಲ್ಲ. ಆದರೂ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿದ, ಆ ವಿಷಯದಲ್ಲಿ ಹುಡುಗ ಜಾಣ.

ಹೋಗುವ ಮುಂಚೆ ಅಕ್ಕನಿಗೆ ಮತ್ತೆ ಹೇಳುತ್ತಿದ್ದ, ವಿಂಡೋಸ್ 10ಕ್ಕೂ 2025ರ ಅಕ್ಟೋಬರಿಗೆ ಆಯುಸ್ಸು ಮುಗಿಯಿತು, ಸುಮ್ಮನೆ ಹನ್ನೊಂದು ಇರುವ ಹೊಸದು ತಗೋ ಅಂತ. "ಅದರಲ್ಲಿ ನೀಲಿ ಬರೋದಿಲ್ವಾ?" ಅಂತ ಗೋಡೆಯಾಚೆಯಿಂದ ಅತ್ತೆ ಕೇಳಿದರು. ಬರುತ್ತೆ ಅಮ್ಮ, ಆದರೆ ನೀಲಿ ತೆಗೆದುಬಿಟ್ಟಿದ್ದಾರೆ, 2025ರಿಂದ ಕಪ್ಪು ಪರದೆ ಮಾಡಿದ್ದಾರೆ ಅಂದೆ ನಾನು.

"ಕರೀದಾ? ಮದುವೆ ಕಾರ್ಡು ಮಾಡೋ ಮನೇಲಾ? ಬ್ಯಾಡ್ವೇ ಬ್ಯಾಡ ಕಣಪ್ಪ" ಅಂದವರು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದರು.