ರಿಫ್ರೆಶ್ ರಾಯರು

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವ ಯಾವ ಆಫೀಸಿಗೆ ಹೋದರೂ ಒಬ್ಬ ರಿಫ್ರೆಶ್ ರಾಯರು ಸಿಕ್ಕೇ ಸಿಗುತ್ತಾರೆ. ಯಾವ ದೂರು ಬರಲಿ, ಮೊದಲ ಪ್ರಶ್ನೆ ಒಂದೇ: “ಎಫ್5 ಒತ್ತಿದ್ರಾ?”

ಹಾರ್ಡ್‌ವೇರ್ ಅಂಗಡಿಯ ಮೊದಲನೇ ಕೌಂಟರಿನಲ್ಲಿ ಕೊನೆಯ ಸಿಮೆಂಟ್ ಮೂಟೆ ಮಾರಾಟವಾಗಿ ಆಟೋ ಹತ್ತಿದೆ. ಎರಡನೇ ಕೌಂಟರಿನ ಪರದೆ ಇನ್ನೂ ‘ಸ್ಟಾಕ್ 1’ ಎನ್ನುತ್ತಿದೆ. ಅಲ್ಲಿನ ಹುಡುಗ ಅದೇ ಮೂಟೆಯನ್ನು ಇನ್ನೊಬ್ಬರಿಗೆ ಮಾರಿ ದುಡ್ಡೂ ಎಣಿಸಿಕೊಂಡಿದ್ದಾನೆ. ಸಾಹುಕಾರರು ಫೋನಿನಲ್ಲಿ ಕೂಗಾಡಿದರೆ ರಾಯರು ಜಗ್ಗುವುದಿಲ್ಲ. “ಡೇಟಾ ಸರಿಯಾಗೇ ಇದೆ ಸಾರ್, ತೋರಿಸೋದು ಸ್ವಲ್ಪ ಹಿಂದಿದೆ ಅಷ್ಟೆ.”

ತಿಳಿಯದವರೇನಲ್ಲ. 1979ರಲ್ಲಿ ಟ್ರಿಗ್ವೆ ರೀನ್ಸ್‌ಕೌಗ್ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಕೂತು ಡೇಟಾ ಇಡುವ ಮಾಡೆಲ್ಲೇ ಬೇರೆ, ತೋರಿಸುವ ವ್ಯೂನೇ ಬೇರೆ ಎಂದು ವಿಂಗಡಿಸಿದ ಕಥೆಯನ್ನು ಇಂಟರ್‌ವ್ಯೂಗೆ ಬಂದವರಿಂದ ಬಾಯಿಪಾಠ ಒಪ್ಪಿಸಿಕೊಳ್ಳುತ್ತಾರೆ. ಕೋಡಿನಲ್ಲಿ ಅದೆಲ್ಲಿ ಸಾರ್ ಎಂದರೆ, “ಅವರಿಗೇನು ಮಾರ್ಚ್ 31 ಇತ್ತಾ?”

ಡೇಟಾ ಬದಲಾದರೆ ಪರದೆಯೂ ತಾನೇ ಬದಲಾಗುವ ಡೇಟಾ ಬೈಂಡಿಂಗ್ ಮೇಲೆ ಅವರಿಗೆ ಹಳೆಯ ಮುನಿಸು. ಪರದೆ ಕಟ್ಟುವ ಡಬ್ಲ್ಯುಪಿಎಫ್ ಹೊಸದಾಗಿದ್ದಾಗ, ಬದಲಾದ ಪ್ರಾಪರ್ಟಿಯ ಹೆಸರನ್ನು ಕೋಟ್‌ಗಳ ನಡುವೆ ಕೈಯಾರೆ ಟೈಪಿಸಿ ಪರದೆಗೆ ಸುದ್ದಿ ಮುಟ್ಟಿಸಬೇಕಿತ್ತು. ರಾಯರ ‘ಕ್ವಾಂಟಿಟಿ’ಯಲ್ಲಿ ಒಂದು ‘ಟಿ’ ಬಿಟ್ಟುಹೋಯಿತು. ಕಂಪೈಲರ್ ಚಕಾರವೆತ್ತಲಿಲ್ಲ, ಎರರ್ ಬರಲಿಲ್ಲ, ಪರದೆಯೂ ಅಲುಗಲಿಲ್ಲ. 2012ರಲ್ಲಿ ಸಿ ಶಾರ್ಪ್ 5 ಬಂದು ಆ ಹೆಸರನ್ನು ಕಂಪೈಲರೇ ತುಂಬಿಕೊಳ್ಳುವಂತಾಯಿತು. ಮುನಿಸು ಇಳಿಯಲಿಲ್ಲ.

ಬದಲಿಗೆ ಟೈಮರ್ ಹಾಕಿದರು. ಸೆಕೆಂಡಿಗೊಮ್ಮೆ ಪಟ್ಟಿಯನ್ನೆಲ್ಲ ಅಳಿಸಿ ಮತ್ತೆ ತುಂಬುವುದು. ಹುಡುಗ ಪಿವಿಸಿ ಎಲ್ಬೋವರೆಗೆ ಸ್ಕ್ರಾಲ್ ಮಾಡಿ ಕ್ಲಿಕ್ ಮಾಡುವಷ್ಟರಲ್ಲಿ ಪಟ್ಟಿ ಚಂಗನೆ ಮೇಲ್ತುದಿಗೆ ಹಾರುತ್ತಿತ್ತು. ಎಲ್ಬೋ ಕೇಳಿದವರ ಬಿಲ್ಲಿಗೆಲ್ಲ ಆಸಿಡ್ ಬಾಟಲಿ! 25 ಎಂದು ಹೊಡೆಯಲು ಹೋದರೆ 2 ಹೊಡೆಯುವಷ್ಟರಲ್ಲಿ ಸೆಕೆಂಡು ಮುಗಿದು, ಹೊಸ ಖಾಲಿ ಕೋಣೆಯಲ್ಲಿ ಬರೀ 5. ಈ ಅಳಿಸಿ ತುಂಬುವ ಕೆಲಸವನ್ನು ಬ್ಯಾಕ್‌ಗ್ರೌಂಡ್ ಥ್ರೆಡ್ಡಿಗೆ ತಳ್ಳಿದಾಗ, ಈ ಕಿಟಕಿ ಬೇರೆ ಥ್ರೆಡ್ಡಿನ ಸ್ವತ್ತು, ನೀನು ಮುಟ್ಟುವಂತಿಲ್ಲ ಎಂದು ಡಬ್ಲ್ಯುಪಿಎಫ್ಫೇ ತಕರಾರು ತೆಗೆಯಿತು. ಇಷ್ಟು ಮಡಿ ಮಾಡಿದರೆ ಕೆಲಸ ಆಗೋದು ಹ್ಯಾಗೆ ಎಂದು ರಾಯರು ಟೈಮರನ್ನೇ ಕಿತ್ತರು.

ಮೊನ್ನೆ ಹೊಸ ವರ್ಷನ್ ಬಂತು. ‘ರಿಫ್ರೆಶ್’ ಬಟನ್ನಿನ ಪಕ್ಕ ಇನ್ನೊಂದು, ‘ಪೂರ್ತಿ ರಿಫ್ರೆಶ್’. ಹೊಸದಾಗಿ ಸೇರಿದ ಹುಡುಗಿ ತಡೆಯಲಾರದೆ ಕೇಳಿದಳು: “ಹಾಗಾದ್ರೆ ಮೊದಲನೇದು ಏನು ಮಾಡುತ್ತೆ ಸಾರ್?”

“ಏನೂ ಮಾಡಲ್ಲ ಕಣಮ್ಮಾ. ತೆಗೀಬೇಡ, ಜನಕ್ಕೆ ಅಭ್ಯಾಸ ಆಗಿಬಿಟ್ಟಿದೆ.”