ಟೆಸ್ಟ್ ಪ್ರೋಗ್ರಾಂ ಎಲ್ಲಿಡಬೇಕು? ಕೊಳಾರದ ಕೋಡುಗಾರರಿಗೊಂದು ಕೈಪಿಡಿ

ಕೊಳಾರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಲಾರಿ ಕಾಟಾದ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆದಿದ್ದೀರಿ ಎಂದುಕೊಳ್ಳಿ. ನಿಮ್ಮದು ಲಿನಕ್ಸ್, ಗಿರಾಕಿಯದು ವಿಂಡೋಸ್. ಕಂಪೈಲ್ ಆದ ಟೆಸ್ಟ್ ಪ್ರೋಗ್ರಾಂಗಳನ್ನು ಎಲ್ಲಿಡಬೇಕೆಂಬ ಚಿಂತೆ ಬಿಡಿ, ಹೇಳಿದಷ್ಟು ಮಾಡಿ.

ಮೊದಲು ಟೆಸ್ಟ್ ಪ್ರೋಗ್ರಾಂಗೆ 'ಟೆಸ್ಟ್' ಎಂದೇ ಹೆಸರಿಡಿ. ಲಿನಕ್ಸ್ ಶೆಲ್‌ನಲ್ಲಿ ಅದೇ ಹೆಸರಿನ ಆಜ್ಞೆ ಮೊದಲೇ ಇದೆ. ಬರೀ ಹೆಸರು ಟೈಪ್ ಮಾಡಿದರೆ ಆ ಆಜ್ಞೆಯೇ ಓಡಿ, ತುಟಿ ಪಿಟಕ್ಕೆನ್ನದೆ ಮುಗಿಯುತ್ತದೆ. ದೋಷ ಕಾಣಲಿಲ್ಲವೆಂದು ವರದಿ ಬರೆಯಿರಿ. ಟೆಸ್ಟಿಂಗ್ ಚಾಲೂ ಇದ್ದಾಗ ಬಿಲ್ಡ್ ಸಾಧನ ಸೀಮೇಕ್ ಈ ಹೆಸರಿಗೆ ತಕರಾರು ತೆಗೆಯುತ್ತದೆ. ಟೆಸ್ಟಿಂಗನ್ನೇ ಬಂದ್ ಮಾಡಿ, ಹೆಸರು ಉಳಿಸಿಕೊಳ್ಳಿ.

ಆಮೇಲೆ ಅದನ್ನು ಅಸಲಿ ಪ್ರೋಗ್ರಾಂ ಜೊತೆಗೇ ಬಿನ್ ಫೋಲ್ಡರಿಗೆ ಇನ್‌ಸ್ಟಾಲ್ ಮಾಡಿ. ಇನ್ನೊಂದು ಬಿಲ್ಡ್ ಸಾಧನವಾದ ಆಟೋಮೇಕ್‌ಗೆ 'ಚೆಕ್' ಎಂದು ಗುರುತಿಸಿಕೊಟ್ಟ ಪ್ರೋಗ್ರಾಂಗಳು ಬಿಲ್ಡ್ ಫೋಲ್ಡರಿನಲ್ಲೇ ಉಳಿಯುತ್ತವೆ. ಗ್ನೋಮ್ ಡೆಸ್ಕ್‌ಟಾಪ್‌ನವರು ಇನ್‌ಸ್ಟಾಲ್ ಮಾಡುವ ಟೆಸ್ಟ್‌ಗಳನ್ನು ಲಿಬ್‌ಎಕ್ಸೆಕ್ ಒಳಗೆ ಬೇರೆಯೇ ಫೋಲ್ಡರ್ ಮಾಡಿ ಇಡುತ್ತಾರೆ. ಲಿನಕ್ಸ್ ಫೋಲ್ಡರ್‌ಗಳ ಮಾನದಂಡವೂ 2015ರಲ್ಲಿ ಆ ಜಾಗವನ್ನು ಒಪ್ಪಿಕೊಂಡಿತು. ಅಷ್ಟು ಒಳಗಿಟ್ಟರೆ ಕಾರ್ಖಾನೆಯ ಗುಮಾಸ್ತರ ಕೈಗೆ ಸಿಗುವುದು ಹೇಗೆ? ಡೇಟಾಬೇಸ್ ಖಾಲಿ ಮಾಡುವ ಟೆಸ್ಟ್ ಇದ್ದರೆ ಅದನ್ನಂತೂ ತಪ್ಪದೆ ಬಿನ್‌ಗೇ ಹಾಕಿ.

ವಿಂಡೋಸ್‌ನಲ್ಲಿ ಹೆಚ್ಚು ಅವಕಾಶವಿದೆ, ನಿಧಾನವಾಗಿ ಓದಿ. ಲೈಬ್ರರಿ ಎಲ್ಲಿದೆಯೆಂದು ಲಿನಕ್ಸ್ ಪ್ರೋಗ್ರಾಂ ಒಳಗೇ ಬರೆದಿಡಬಹುದು. ವಿಂಡೋಸ್‌ನಲ್ಲಿ ಆ ಏರ್ಪಾಡಿಲ್ಲ. ಅದು ಲೈಬ್ರರಿಯನ್ನು, ಅಂದರೆ ಡಿಎಲ್ಎಲ್ ಅನ್ನು, ಸಾಮಾನ್ಯವಾಗಿ ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಮೊದಲು ಹುಡುಕುತ್ತದೆ. ಆದ್ದರಿಂದ ಟೆಸ್ಟ್ ಒಂದು ಫೋಲ್ಡರಿನಲ್ಲಿ, ಡಿಎಲ್ಎಲ್ ಇನ್ನೊಂದರಲ್ಲಿ ಇರಲಿ. 'ಡಿಎಲ್ಎಲ್ ಸಿಗಲಿಲ್ಲ' ಎಂದು ಕೂಗಿದಾಗ ಒಂದು ಪ್ರತಿಯನ್ನು ಟೆಸ್ಟ್ ಪಕ್ಕಕ್ಕೆ ಕೈಯಾರೆ ತಂದಿಡಿ, ಇಟ್ಟು ಮರೆತುಬಿಡಿ. ಇನ್ನು ಅಸಲಿ ಲೈಬ್ರರಿಯಲ್ಲಿ ಕ್ವಿಂಟಲನ್ನು ಟನ್ ಮಾಡಿದರೂ ಟೆಸ್ಟ್ ಆ ಹಳೇ ಪ್ರತಿಯನ್ನೇ ಪರೀಕ್ಷಿಸುತ್ತ ವರ್ಷಾನುಗಟ್ಟಲೆ ಪಾಸಾಗುತ್ತದೆ. ಇಷ್ಟು ಕಡಿಮೆ ಖರ್ಚಿನ ನೆಮ್ಮದಿ ಬೇರೆಲ್ಲೂ ಸಿಗದು.

ಭಾಷಾಭಿಮಾನವನ್ನೂ ಬಳಸಿ. ಫೋಲ್ಡರಿಗೆ 'ತೂಕದ ಲೆಕ್ಕದ ಪರೀಕ್ಷೆಯ ಕಟ್ಟಕಡೆಯ ಹೊಸ ಪ್ರತಿ' ಎಂಬಂಥ ಉದ್ದ ಹೆಸರು ಕೊಟ್ಟು, ಅದರೊಳಗೆ ಅಂಥದ್ದೇ ಇನ್ನೊಂದನ್ನು ತುರುಕಿ. ಲಿನಕ್ಸ್‌ನಲ್ಲಿ ಒಂದು ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರ, ಕಾಗುಣಿತದ ಚಿಹ್ನೆ, ಒಂದೊಂದೂ 3 ಬೈಟ್ ತಿನ್ನುತ್ತದೆ. 85ಕ್ಕೆ ಹೆಸರು ತುಂಬಿತು. ವಿಂಡೋಸ್‌ನ ಹಳೇ ಮಿತಿಯಲ್ಲಿ ಇಡೀ ದಾರಿಗೇ 260 ಅಕ್ಷರ.

ಆಂಡ್ರಾಯ್ಡ್ ಆದರೆ ಫೋಟೋ ಇಡುವ ಜಾಗಕ್ಕೆ ಟೆಸ್ಟ್ ಕಾಪಿ ಮಾಡಿ. ಅಲ್ಲಿಂದ ಪ್ರೋಗ್ರಾಂ ಓಡಲು ಅನುಮತಿಯೇ ಇಲ್ಲ, ಹಾಗಾಗಿ ಟೆಸ್ಟ್ ಫೇಲಾಗುವ ಭಯವೂ ಇಲ್ಲ.

ಕಾರ್ಖಾನೆಯಿಂದ ಫೋನ್ ಬಂದರೆ "ನಮ್ಮಲ್ಲಿ ನಡಿತದಲ್ರಿ" ಅನ್ನಿ. ದುಡ್ಡು ಮಾತ್ರ ಮೊದಲೇ ಎಣಿಸಿಕೊಂಡಿರಿ.